ಶಾಸನಪಾಠಗಳಲ್ಲಿ ನಾಡಿನ ಹೆಸರೂ ಸಂಖ್ಯೆಯೂ

ಹೊಸೂರು ರಸ್ತೆಯ ಸಿಂಗಸಂದ್ರವು ಇಂದು ಗಣಕೋದ್ಯಮದ ನೆರೆಯ ಬಡಾವಣೆಯಾಗಿದೆ. 2025ರಿಂದ ಅಲ್ಲಿ ಮೆಟ್ರೋ ನಿಲ್ದಾಣವೂ ಉಂಟು. ಅದರ ಪಶ್ಚಿಮಕ್ಕೆ ಕೆಲವೇ ಮೈಲಿಗಳ ಒಳಗಿರುವ ಬೇಗೂರು ಗಂಗರ ಕಾಲದ ಶಾಸನಗಳಿಂದ ಪ್ರಸಿದ್ಧವಾಗಿದೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸು. 890ರ ವೀರಗಲ್ಲು ಅಲ್ಲಿಯದೇ. ನಾಗತ್ತರನ ಮರಣವನ್ನು ಹೇಳುವ ಮತ್ತೊಂದು ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನು ಮಡಿದ ಬಳಿಕ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟನೆಂದು ಇದರಿಂದ ತಿಳಿಯುತ್ತದೆ. ಈ ಬೆಂಪೂರೇ ಬೇಗೂರು.

ಹೆಸರಿನ ಮುಂದೆ ಸಂಖ್ಯೆಯನ್ನಿಟ್ಟು ನಾಡನ್ನು ಹೇಳುವ ಈ ರೂಢಿ ಕನ್ನಡ ಶಾಸನಗಳ ವಾಚಕರಿಗೆ ಹೊಸತಲ್ಲ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಬೆಳ್ವೊಲ 300 ಮೊದಲಾದುವು ಎಲ್ಲರೂ ಬಲ್ಲವೇ. ಈ ಸಂಖ್ಯೆಗಳು ಗ್ರಾಮಗಳವೋ, ಆದಾಯದವೋ ಎಂಬ ಚರ್ಚೆ ಹಳೆಯದು. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಸಾವಿರಾರು ಶಾಸನಪಾಠಗಳಿಂದ ಇಂಥ ಜೋಡಿಗಳನ್ನು ಗಣಕದ ನೆರವಿನಿಂದ ಆಯ್ದು ಪಟ್ಟಿಮಾಡುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬುದಷ್ಟೇ ನಮ್ಮ ವಿಚಾರ.

ಇದಕ್ಕೆ ಒದಗುವ ಸಾಧನವು ರೆಗ್ಯುಲರ್ ಎಕ್ಸ್‌ಪ್ರೆಷನ್. ನಾವು ಇದನ್ನು ವಿನ್ಯಾಸಸೂತ್ರವೆಂದು ಕರೆಯುತ್ತೇವೆ. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯ 1956ರ ಪ್ರಬಂಧದಲ್ಲಿ ಇದರ ಗಣಿತವಿದೆ. ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯಶೋಧನೆಗೆ ಇದನ್ನು ಅಳವಡಿಸುವ ಕ್ರಮವನ್ನು ಪ್ರಕಟಿಸಿದನು. ನಮ್ಮ ಕೆಲಸಕ್ಕೆ ಅತಿ ಸರಳವಾದ ಸೂತ್ರವಿದು:

([^ ]+) ([೦-೯]+)

ತೆರಪಿಲ್ಲದ ಅಕ್ಷರಗಳ ಒಂದು ಗುಂಪು, ಬಳಿಕ ಒಂದು ತೆರಪು, ಬಳಿಕ ಒಂದು ಅಥವಾ ಹೆಚ್ಚು ಅಂಕೆಗಳು ಎಂದು ಇದರ ಅರ್ಥ. ಆವರಣಗಳೊಳಗೆ ಸಿಕ್ಕಿದ್ದನ್ನು ಗಣಕವು ಪ್ರತ್ಯೇಕವಾಗಿ ಎತ್ತಿಕೊಡುತ್ತದೆ. ‘ಬೆಂಪೂರು ೧೨’ ಎಂದಿದ್ದರೆ ಮೊದಲ ಆವರಣದಿಂದ ಬೆಂಪೂರು, ಎರಡನೆಯದರಿಂದ ೧೨ ದೊರೆಯುತ್ತವೆ.

ಆದರೆ ‘ಗದ್ಯಾಣ ೧೨’ ಎಂಬುದೂ ಇದೇ ಆಕಾರದ್ದು! ‘ಮತ್ತರು ೧೨’ ಎಂಬುದೂ ಹಾಗೆಯೇ; ಶಕವರ್ಷದ ಅಂಕೆಯೂ ಬಲೆಗೆ ಬೀಳುತ್ತದೆ. ಹೀಗಾಗಿ ನಾಣ್ಯ, ಅಳತೆ, ಕಾಲಗಳ ಪದಗಳನ್ನು ಮೊದಲೇ ಹೊರಗಿಡಬೇಕು. ಈ ಪಟ್ಟಿಯನ್ನು ಮಾಡಬಲ್ಲವನು ಶಾಸನಭಾಷೆಯನ್ನು ಓದಿದವನೇ ಹೊರತು ಗಣಕವಲ್ಲ.

ಇನ್ನೂ ದೊಡ್ಡ ತೊಡಕು, ಸಂಖ್ಯೆಯು ಅನೇಕ ಕಡೆ ಅಂಕೆಗಳಲ್ಲಿರದೆ ಮಾತಿನಲ್ಲಿರುವುದು. ‘ಸಾಸಿರ’ ಎಂದು ಹುಡುಕಿದರೆ ಗಂಗವಾಡಿಯ ತೊಂಬತ್ತಱುಸಾಸಿರ ಸಿಕ್ಕೀತು; ಬನವಾಸಿಯ ಪನ್ನಿರ್ಚ್ಛಾಸಿರ ಸಿಕ್ಕದು, ಏಕೆಂದರೆ ಸಂಧಿಯಿಂದ ಸಕಾರವು ಛಕಾರವಾಗಿದೆ. (ಸಾಸಿರ|ಛಾಸಿರ) ಎಂದು ಎರಡನ್ನೂ ಬರೆದರೆ ಅದೂ ಸಿಕ್ಕುತ್ತದೆ. ಸೂತ್ರವನ್ನು ಬರೆಯುವವನು ಕೇಶಿರಾಜನನ್ನು ಓದಿರಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದು ವಿನೋದಕ್ಕಲ್ಲ.

ಮೇಲಿನ ಸೂತ್ರವು ನೆಚ್ಚಿರುವ ತೆರಪಾದರೂ ಕಲ್ಲಿನದಲ್ಲ. ಕಲ್ಲಿನ ಮೇಲೆ ಪದಗಳು ಸಾಮಾನ್ಯವಾಗಿ ಒಂದಕ್ಕೊಂದು ಹತ್ತಿಕೊಂಡೇ ಇರುತ್ತವೆ. ಬೆಂಗಳೂರು ಜಿಲ್ಲೆಯ ಶಾಸನಗಳುಳ್ಳ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು 1905ರಲ್ಲಿ ಹೊರತಂದ ಬಿ. ಎಲ್. ರೈಸರಂಥ ಸಂಪಾದಕರು ಓದುಗರ ಅನುಕೂಲಕ್ಕಾಗಿ ಪದಗಳನ್ನು ಬಿಡಿಸಿದರು. ಸಂಪಾದಕನು ಬೇರೆ ರೀತಿ ಬಿಡಿಸಿದ್ದರೆ ಸೂತ್ರವು ಬೇರೆ ಹೆಸರನ್ನೇ ಕೊಡುತ್ತಿತ್ತು. ಆದುದರಿಂದ ಆಯ್ದ ಪ್ರತಿಯೊಂದು ಮೌಲ್ಯದ ಹಿಂದೆಯೂ ಸಂಪಾದಕನ ತೀರ್ಮಾನ ಅಡಗಿದೆ ಎಂಬುದನ್ನು ಮರೆಯಲಾಗದು.

ಅಂಕೆಗಳ ವಿಷಯದಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ಸೂಚಿಸಬೇಕಾಗಿದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಗಣಕಕ್ಕೆ ಮಾತ್ರ ಅವು ಬೇರೆ ಬೇರೆ ಸಂಕೇತಗಳು. ಟಂಕಿಸುವವರು ೯೬೦೦೦ ಎಂಬಲ್ಲಿ ಸೊನ್ನೆಗಳಿಗೆ ಬದಲು ಅನುಸ್ವಾರಗಳನ್ನು ಒತ್ತಿದರೆ, ಸೂತ್ರವು ೯೬ಕ್ಕೇ ನಿಂತುಬಿಡುತ್ತದೆ. ಪುಟದ ಮೇಲೆ ದೋಷ ಕಾಣುವುದಿಲ್ಲ, ಗಣಕವೂ ದೂರುವುದಿಲ್ಲ. ಪಟ್ಟಿಯಲ್ಲಿ ಗಂಗವಾಡಿಯು ತೊಂಬತ್ತಾರರ ಕಿರುನಾಡಾಗಿ ಕುಳಿತಿರುತ್ತದೆ. ಗಂಗವಾಡಿಯಾದುದರಿಂದ ಯಾರಾದರೂ ಹಿಡಿದಾರು. ಅಷ್ಟಾಗಿ ಪರಿಚಯವಿಲ್ಲದ ನಾಡೊಂದರ ೩೦೦ ಬರಿಯ ೩ ಆದರೆ ಹಿಡಿಯುವವರಾರು? ಆ ಪಟ್ಟಿಯಿಂದ ನಕ್ಷೆ, ನಕ್ಷೆಯಿಂದ ಪ್ರೌಢಪ್ರಬಂಧ, ಹೀಗೆ ತಪ್ಪು ಮುಂದುವರಿಯುತ್ತದೆ. ಅಂಕೆಯ ಬೆನ್ನಿಗೇ ಅನುಸ್ವಾರ ಬಂದಿರುವ ಎಡೆಗಳನ್ನು ([೦-೯]ಂ) ಎಂಬ ಸೂತ್ರದಿಂದ ಮೊದಲು ಹೆಕ್ಕಿ ತಿದ್ದಿಕೊಳ್ಳುವುದು ಕ್ಷೇಮ.

ಬೆಂಗಳೂರಿನ ಸುತ್ತಣ ಊರುಗಳಲ್ಲಿ ಹೊಲಗಳು ಬಡಾವಣೆಗಳಾಗುತ್ತ ಹಳೆಯ ಕಲ್ಲುಗಳು ಅಪಾಯಕ್ಕೆ ಸಿಲುಕಿವೆ. ಕಲ್ಲು ಹೋದೆಡೆ ಮುದ್ರಿತ ಪಾಠವೊಂದೇ ಆಧಾರ. ಮಿಥಿಕ್ ಸೊಸೈಟಿಯವರು ಈ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳ ಗಣಕಚಿತ್ರಗಳಾಗಿ ಉಳಿಸುತ್ತಿರುವುದು ಈ ಕಾರಣದಿಂದ ಬೆಲೆಯುಳ್ಳ ಕಾರ್ಯ. ಸೂತ್ರವು ಕೊಟ್ಟ ಸಂಖ್ಯೆಯಲ್ಲಿ ಸಂಶಯ ಬಂದಲ್ಲಿ ಈ ಚಿತ್ರದೊಡನೆ ಹೋಲಿಸಿ, ಶಾಸನದ ಕ್ರಮಾಂಕವನ್ನೂ ಸಾಲನ್ನೂ ಪಟ್ಟಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲೇ ನಮೂದಿಸತಕ್ಕದ್ದು.