ಏರ್ ಫಿಲ್ಟರ್, ಡೀಸೆಲ್ ಲಾರಿಯ

ಡೀಸೆಲ್ ಲಾರಿಯ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯಿಂದ ದೂಳನ್ನು ಬೇರ್ಪಡಿಸುವ ಸಾಧನ. ಬಗೆಗಳು ಎರಡು: ಕಟ್ಟಿಕೊಂಡ ಮೇಲೆ ಎಸೆಯುವಂಥದು, ತೊಳೆದು ಮತ್ತೆ ಬಳಸುವಂಥದು. ಹಳೆಯ ಲಾರಿಗಳ ಆಯಿಲ್ ಬಾತ್ ಫಿಲ್ಟರ್ ಎರಡನೆಯ ಬಗೆಯದು. ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗುವಾಗ ಭಾರದ ಕಣಗಳು ಅದರಲ್ಲಿ ಬೀಳುತ್ತಿದ್ದವು. ಅದರ ಸ್ಥಾನಕ್ಕೆ ಬಂದದ್ದು ನೆರಿಗೆ ಕಾಗದದ ಒಣ ಫಿಲ್ಟರ್. ಮರುಬಳಕೆಯ ಈಗಿನ ರೂಪ ಎಣ್ಣೆ ಸವರಿದ ಹತ್ತಿಬಟ್ಟೆಯ ಪದರಗಳದು.

ಒಳ್ಳೆಯ ಕಾಗದದ ಫಿಲ್ಟರ್ ಐಎಸ್‌ಒ 5011 ಪರೀಕ್ಷೆಯಲ್ಲಿ ಶೇ. 99ಕ್ಕೂ ಹೆಚ್ಚು ದೂಳನ್ನು ತಡೆಯುತ್ತದೆ. ಹತ್ತಿಯದರಲ್ಲಿ ಗಾಳಿಯ ಹರಿವು ಸರಾಗ. ಆದರೆ ನುಣ್ಣನೆಯ ದೂಳಿಗೆ ತಡೆ ಸಾಮಾನ್ಯವಾಗಿ ಕಡಿಮೆ. ಸವರಿದ ಎಣ್ಣೆ ಹೆಚ್ಚಾದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್‌ಗೆ ಅಂಟುತ್ತದೆ, ಕಡಿಮೆಯಾದರೆ ದೂಳು ನುಸುಳುತ್ತದೆ. ನುಸುಳಿದ ಸಿಲಿಕಾ ಕಣಗಳು ಲೈನರ್, ಪಿಸ್ಟನ್ ರಿಂಗ್, ಟರ್ಬೊ ಅಲಗುಗಳನ್ನು ಸವೆಸುತ್ತವೆ.

ಹೊಚ್ಚ ಹೊಸ ಕಾಗದಕ್ಕಿಂತ ಸ್ವಲ್ಪ ದೂಳು ಕೂತದ್ದೇ ಚೆನ್ನಾಗಿ ಶೋಧಿಸುತ್ತದೆ. ದೂಳು ಕೊಡವಲು ನೆಲಕ್ಕೆ ಬಡಿದರೆ, ಜೋರು ಗಾಳಿ ಹೊಡೆದರೆ ನೆರಿಗೆ ಹರಿದು ರಬ್ಬರ್ ಸೀಲು ಕೆಡುವುದುಂಟು. ಮುಖ್ಯ ಫಿಲ್ಟರಿನ ಒಳಗಿರುವ ಎರಡನೆಯ, ಅಂದರೆ ಸೇಫ್ಟಿ ಫಿಲ್ಟರನ್ನು ತೊಳೆಯದೆ ಬದಲಿಸಲಾಗುತ್ತದೆ. ಕಲ್ಲುಕ್ವಾರಿ, ಗಣಿ ದಾರಿಗಳ ಟಿಪ್ಪರ್‌ಗಳಿಗೆ ಒಣ ಕಾಗದದ್ದೇ ಸೂಕ್ತ. ಬದಲಿಸುವ ಕಾಲವನ್ನು ಓಡಿದ ಕಿಲೋಮೀಟರಿಗಿಂತ ಫಿಲ್ಟರ್ ಡಬ್ಬಿಯ ಬಳಿ ಗಾಳಿಯ ತಡೆ ತೋರಿಸುವ ರಿಸ್ಟ್ರಿಕ್ಷನ್ ಇಂಡಿಕೇಟರಿನ ಕೆಂಪು ಗುರುತು ನಿಖರವಾಗಿ ತಿಳಿಸುತ್ತದೆ.