ಮಜೂರಿ ಎಷ್ಟಾಯ್ತು ಮೇಸ್ತ್ರಿ?

ಹೋದ ತಿಂಗಳು ನಮ್ಮ ಮೇಸ್ತ್ರಿ ಜೊತೆ ಜಗಳ ಆಡಿಕೊಂಡು ಬಂದೆ. ಜಗಳ ಅಂದರೆ ಕೂಗಾಟವೇನಲ್ಲ. ಕಾರಿನ ಕ್ಲಚ್ ಪ್ಲೇಟು ಸವೆದಿತ್ತು, ಹೊಸದು ಹಾಕಿದರು. ಕ್ಲಚ್ ಸೆಟ್ಟಿನ ಅಂಗಡಿ ಬಿಲ್ಲು ಕೈಗಿಟ್ಟು, "ಮಜೂರಿ ಮೂರೂವರೆ ಸಾವಿರ ಕೊಡಿ ಸಾರ್" ಅಂದರು. ಯಾರೋ ಗೆಳೆಯ ಎರಡೂವರೆಗೆ ಮಾಡಿಸಿದ್ದು ನೆನಪಿತ್ತು. ಅದನ್ನೇ ಹೇಳಿದೆ. "ಒಂದು ಬೋಲ್ಟ್ ಮುರಿದು ಬಹಳ ಹೊತ್ತು ಹಿಡೀತು" ಅಂದರು. ನಾನು ನಂಬಲಿಲ್ಲ, ನಂಬಿಲ್ಲ ಅಂತ ಮುಖದಲ್ಲೂ ತೋರಿಸಿದೆ. ಅವರು ಸುಮ್ಮನೆ ಎರಡೂವರೆ ಸಾವಿರ ಎಣಿಸಿಕೊಂಡು ಜೇಬಿಗೆ ಹಾಕಿಕೊಂಡರು. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಎರಡು ವಾರದ ಮೇಲೆ ನಮ್ಮ ಚಿಕ್ಕಪ್ಪನ ಮಗ ಅದೇ ಮಾಡೆಲ್ ಕಾರಿಗೆ ಅದೇ ಕೆಲಸ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ. ಲೇಬರ್ 4,800, ಅದರ ಮೇಲೆ 18% ಜಿಎಸ್‌ಟಿ 864. ಎಸಿ ರೂಮಿನಲ್ಲಿ ಕಾಫಿ ಕುಡಿದು, ತುಟಿ ಪಿಟಕ್ ಅನ್ನದೆ ಕಾರ್ಡು ಉಜ್ಜಿ ಬಂದಿದ್ದ. ನಾನಿದ್ದರೂ ಹಾಗೇ ಮಾಡುತ್ತಿದ್ದೆ, ಯಾಕೆಂದರೆ ಅದು ಪ್ರಿಂಟಾದ ಬಿಲ್ಲು! ಅಂದಿನಿಂದ ತಲೆಗೆ ಹುಳ ಹೊಕ್ಕಿತು. ಈ ಮಜೂರಿ ಅನ್ನೋದನ್ನ ಯಾರು, ಯಾವಾಗ, ಹೇಗೆ ನಿಗದಿ ಮಾಡಿದರು?

ಕಥೆ ಶುರುವಾಗೋದು ಅಮೆರಿಕದಲ್ಲಿ. ಮೊದಮೊದಲು ಕಾರು ಕೆಟ್ಟರೆ ಕಮ್ಮಾರನ ಕುಲುಮೆಗೋ ಸೈಕಲ್ ಶಾಪಿಗೋ ಒಯ್ಯುತ್ತಿದ್ದರು. ಗಂಟೆ ಲೆಕ್ಕದ ಕೂಲಿ. ಇದರಲ್ಲೊಂದು ತಮಾಷೆ ಇದೆ ನೋಡಿ, ಕೆಲಸ ಬಾರದವನಿಗೆ ಜಾಸ್ತಿ ಹೊತ್ತು ಬೇಕು, ಹಾಗಾಗಿ ಅವನಿಗೇ ಜಾಸ್ತಿ ದುಡ್ಡು! ಅತ್ತ ಫೋರ್ಡ್ ಕಂಪನಿ 1913-14ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಷಾಸಿ ಜೋಡಣೆಯನ್ನು 93 ನಿಮಿಷಕ್ಕೆ ಇಳಿಸಿತ್ತು. ಜೋಡಿಸೋದಕ್ಕೆ ಗಡಿಯಾರ ಹಿಡಿದವರು ಬಿಚ್ಚೋದಕ್ಕೆ ಯಾಕೆ ಹಿಡಿಯಬಾರದು? ತನ್ನ ಡೀಲರುಗಳ ವರ್ಕ್‌ಶಾಪಿಗೂ ಫೋರ್ಡ್ ಅದನ್ನೇ ತಂದಿತು. ಇಂಥ ರಿಪೇರಿಗೆ ಇಷ್ಟು ಹೊತ್ತು ಅಂತ ಪಟ್ಟಿ, ಅದಕ್ಕೆ ಕಟ್ಟುನಿಟ್ಟು ದರ. ಇದೇ ಫ್ಲಾಟ್ ರೇಟ್. ಆಮೇಲೆ ಚಿಲ್ಟನ್‌ನಂಥ ಪ್ರಕಾಶಕರು ಎಲ್ಲಾ ಕಂಪನಿಯ ಕಾರುಗಳಿಗೂ ಇಂಥ ಪಟ್ಟಿಗಳನ್ನು ಪುಸ್ತಕ ಮಾಡಿ ಮಾರಿದರು. ಇವತ್ತು ಸರ್ವಿಸ್ ಸೆಂಟರಿನ ಕಂಪ್ಯೂಟರು ಲೇಬರ್ ಅಂತ ಉಗುಳುವ ಅಂಕಿ ಆ ಪಟ್ಟಿಯ ಮರಿಮಗನೇ.

ಕೇಳೋದಕ್ಕೆ ನ್ಯಾಯವಾಗೇ ಇದೆ. ಪುಸ್ತಕದಲ್ಲಿ 4 ಗಂಟೆ ಅಂತಿದ್ದರೆ, ಮೂರಕ್ಕೆ ಮುಗಿಸಿದವನಿಗೂ ಆರು ಗಂಟೆ ಒದ್ದಾಡಿದವನಿಗೂ 4 ಗಂಟೆಯ ದುಡ್ಡು. ಆದರೆ ಕಾರ್ಖಾನೆಗೆ ಬರೋ ಬೋಲ್ಟು ಹೊಸದು, ಎಲ್ಲಾ ಒಂದೇ ಥರ. ಗ್ಯಾರೇಜಿಗೆ ಬರೋ ಬೋಲ್ಟು ಹತ್ತು ಮಳೆಗಾಲ ಕಂಡದ್ದು. ಪಾನಾ ಹಾಕಿದರೆ ಮೂಲೆ ಸವೆಯುತ್ತೆ, ಜೋರು ಮಾಡಿದರೆ ತಲೆ ಮುರಿಯುತ್ತೆ. ತುಕ್ಕಿಗೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ. ಪಟ್ಟಿಯ ಗಂಟೆಗೇ ಸಂಬಳ ಅಂದಾಗ ಕೆಲವರು ಅವಸರ ಮಾಡಿದರು, ಕೆಲವರು ಬೇಡದ ಕೆಲಸವನ್ನೂ ಸೇರಿಸಿದರು.

1941ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ಮಜವಾದ ಪರೀಕ್ಷೆ ಮಾಡಿತು. ಅದರ ಪರವಾಗಿ ಇಬ್ಬರು ದೇಶವೆಲ್ಲಾ ಕಾರಿನಲ್ಲಿ ಸುತ್ತಿದರು. ಗ್ಯಾರೇಜು ಹತ್ತಿರ ಬಂದಾಗ ಕಾಯಿಲ್‌ನ ಒಂದು ವೈರು ಕಿತ್ತು, "ಏನಾಗಿದೆ ನೋಡಿ" ಅನ್ನೋದು. ನೋಡಿದ ಕೂಡಲೇ ಸಿಕ್ಕಿಸಬಹುದಾದ ವೈರು. 347 ಗ್ಯಾರೇಜುಗಳಲ್ಲಿ ಶೇಕಡ 63ರಷ್ಟು ಜನ ಒಂದಲ್ಲಾ ಒಂದು ರೀತಿ ಮೋಸ ಮಾಡಿದರು ಅಂತ ವರದಿ ಬಂತು. ದೊಡ್ಡ ಗುಲ್ಲೆದ್ದಿತು. ಮೂವತ್ತು ವರ್ಷ ಕಳೆದು, 1971ರಲ್ಲಿ ಕ್ಯಾಲಿಫೋರ್ನಿಯಾ ಕಾನೂನೇ ಮಾಡಿತು: ಮೊದಲೇ ಅಂದಾಜು ಬರೆದು ಕೊಡಬೇಕು, ಬಿಲ್ಲಿನಲ್ಲಿ ಪಾರ್ಟು ಬೇರೆ ಮಜೂರಿ ಬೇರೆ ಇರಬೇಕು, ಕೇಳಿದರೆ ಹಳೇ ಪಾರ್ಟು ವಾಪಸ್ ಕೊಡಬೇಕು.

ಇದನ್ನು ಓದಿ ನಗು ಬಂತು. ನಮ್ಮ ಅಪ್ಪನ ಫಿಯಟ್ ಕಾರಿನ ಡಿಕ್ಕಿ ತುಂಬಾ ಹಳೇ ಪಾರ್ಟುಗಳೇ ಇರುತ್ತಿದ್ದವು. "ಬಿಚ್ಚಿದ್ದನ್ನ ಕೊಡಪ್ಪ" ಅಂತ ಕೇಳಿ ಇಸ್ಕೊಂಡು ಬರೋರು. (ಅಮ್ಮ ಅದನ್ನೆಲ್ಲಾ ಗುಜರಿಗೆ ಹಾಕಿದ್ದು ಬೇರೆ ಕಥೆ.)

ನಮ್ಮಲ್ಲಿ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಗಂಟೆ ಲೆಕ್ಕ ಅನ್ನೋದೇ ಇರಲಿಲ್ಲ. "ಒಟ್ಟು ಇಷ್ಟು ಕೊಡಿ ಸಾರ್." ಬೆಂಗಳೂರಾದರೆ ಜೆ.ಸಿ. ರೋಡಿಗೆ ಹುಡುಗನನ್ನ ಓಡಿಸಿ ಪಾರ್ಟು ತರಿಸೋದು, ಸಿಗದಿದ್ದರೆ ಲೇತ್‌ನಲ್ಲಿ ಕಡೆಸೋದು. ಮಜೂರಿ ಕಮ್ಮಿ ಅಂತ ನಾವು ಹಿಗ್ಗುತ್ತಿದ್ದೆವು. ನಿಜ ಏನೆಂದರೆ ಮೇಸ್ತ್ರಿಗೆ ಪಾರ್ಟಿನ ಅಂಗಡಿಯಿಂದಲೂ ಕಮಿಷನ್ ಬರುತ್ತಿತ್ತು, ಅರ್ಧ ಮಜೂರಿ ಪಾರ್ಟಿನ ಬೆಲೆಯೊಳಗೇ ಅಡಗಿರುತ್ತಿತ್ತು. ಈಗ ನಾವೇ ಪಾರ್ಟು ಆನ್‌ಲೈನಿನಲ್ಲಿ ತರಿಸಿ ಕೊಟ್ಟು, ಮಜೂರಿ ಮಾತ್ರ ಹಳೇ ರೇಟೇ ಇರಲಿ ಅಂದರೆ ಹೇಗೆ, ಹೇಳಿ?

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರ ಹಿಂದೆ ಜಾಬ್ ಕಾರ್ಡು, ಫ್ರೀ ಸರ್ವಿಸ್ ಕೂಪನ್ನು. 2000ದ ಹೊತ್ತಿಗೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್. ಕಿವಿಯಿಂದ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದವರಿಗೆ ಸ್ಕ್ಯಾನರ್ ಬೇಕಾಯಿತು. ಸ್ಕ್ಯಾನರ್, ಮ್ಯಾನುಯಲ್, ಅಸಲಿ ಪಾರ್ಟು ಕಂಪನಿಯವರು ಹೊರಗಿನವರಿಗೆ ಕೊಡಬೇಕಲ್ಲ! ಅದಕ್ಕೇ 2014ರ ಆಗಸ್ಟಿನಲ್ಲಿ ನಮ್ಮ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ಚಿಲ್ಲರೆ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ನಾನಂತೂ ಚೌಕಾಸಿ ಮಾಡುವಾಗ ಇದ್ಯಾವುದನ್ನೂ ನೆನೆಸಿಕೊಂಡಿರಲಿಲ್ಲ.

ಸರಿ, ನನ್ನ ಕ್ಲಚ್ಚಿಗೆ ಬರೋಣ. ಮುಂದಿನ ಚಕ್ರ ಎಳೆಯುವ ಕಾರು. ಬ್ಯಾಟರಿ ತೆಗೆದು, ಎರಡೂ ಡ್ರೈವ್ ಶಾಫ್ಟ್ ಎಳೆದು, ಇಂಜಿನ್ನಿಗೆ ಆಸರೆ ಕೊಟ್ಟು, ಗೇರ್ ಬಾಕ್ಸು ಇಳಿಸಬೇಕು. ಅಷ್ಟಾದ ಮೇಲೆ ಪ್ಲೇಟು ಕೈಗೆ ಸಿಗುತ್ತೆ, ಅದನ್ನ ಬದಲಾಯಿಸೋದು ಸಣ್ಣ ಕೆಲಸ. ಆಮೇಲೆ ಬಿಚ್ಚಿದ್ದೆಲ್ಲಾ ಮತ್ತೆ ಜೋಡಿಸಬೇಕು. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಕಾರು ಸಂಜೆ ಏಳಕ್ಕೆ ಸಿಕ್ಕಿತ್ತು. ಇಬ್ಬರ ಒಂದು ದಿನದ ದುಡಿಮೆ, ಶೆಡ್ಡಿನ ಬಾಡಿಗೆ, ಕರೆಂಟು ಲೆಕ್ಕ ಹಾಕಿದೆ. ನಾನು ಕೊಟ್ಟಿದ್ದು ಎರಡೂವರೆ.

ಮೊನ್ನೆ ಭಾನುವಾರ ಸಾವಿರ ರೂಪಾಯಿ ಹಿಡಿದು ಹೋದೆ. ಮೇಸ್ತ್ರಿ ಯಾವುದೋ ವ್ಯಾನಿನ ಅಡಿಯಲ್ಲಿದ್ದರು. ಈಚೆ ಬಂದು, ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡು ನೋಟು ನೋಡಿದರು. ಏನು ಹೇಳಬೇಕೋ ಗೊತ್ತಾಗದೆ, "ಅವತ್ತಿನ ಬಾಕಿ" ಅಂದೆ. ತಗೊಂಡರು. ಜೇಬಿನಿಂದ ಮುನ್ನೂರು ತೆಗೆದು ವಾಪಸ್ ನನ್ನ ಕೈಗಿಟ್ಟರು.

"ಎರಡು ಬೋಲ್ಟ್ ಮುರಿದಿದ್ದು ಸಾರ್. ಒಂದು ತುಕ್ಕಿಗೆ, ಅದರ ಹೊತ್ತು ನಿಮ್ದು. ಇನ್ನೊಂದು ನಮ್ ಹುಡುಗ ತಪ್ಪು ಪಾನಾ ಹಾಕಿ ಮುರಿದ. ಅದು ನಂದು."