ಒಂಗೋಲಿನ ಹೋರಿ, ಬ್ರೆಜಿಲಿನ ಲಾಭ

ನಮ್ಮಲ್ಲಿ ದನದ ಮಾತೆತ್ತಿದರೆ ಅದು ಧರ್ಮದ ಚರ್ಚೆಯಾಗಿಯೇ ಮುಗಿಯುತ್ತದೆ. ಇದೇ ನೆಲದ ಒಂದು ತಳಿ ಕಡಲಾಚೆ ಹೋಗಿ ಜಗತ್ತಿನ ಅತಿದೊಡ್ಡ ಮಾಂಸೋದ್ಯಮಗಳಲ್ಲೊಂದಕ್ಕೆ ಅಡಿಪಾಯ ಹಾಕಿತೆಂಬುದು ಹೆಚ್ಚಿನವರಿಗೆ ತಿಳಿಯದು.

1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಬ್ರೆಜಿಲಿನ ಸಾಲ್ವಡಾರ್ ಬಂದರಿನಲ್ಲಿ ತಂಗಿದಾಗ, ಅದರಲ್ಲಿದ್ದ ಒಂದು ಜೋಡಿ ಒಂಗೋಲು ದನ ಅಲ್ಲೇ ಮಾರಾಟವಾಯಿತು. ಒಂಗೋಲು ಆಗ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಅಲ್ಲಿ ಈ ತಳಿಯ ಹೆಸರು 'ನೆಲೋರೆ'.

ಮಾಂಸಕ್ಕಾಗಿ ದನ ಸಾಕುವವನ ಲಾಭ ಅದರ ಮೈದುಂಬಿದ ಗಾತ್ರದಲ್ಲಿದೆ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಇಂಗ್ಲಿಷ್ ತಳಿಗಳಿಗೆ ಆ ಗಾತ್ರವಿತ್ತು. ಆದರೆ ಉಷ್ಣವಲಯದ ಬಿಸಿಲು, ರಕ್ತ ಹೀರುವ ಉಣುಗು, ಸತ್ವವಿಲ್ಲದ ಹುಲ್ಲು, ಈ ಮೂರರ ಮುಂದೆ ಅವು ಸೋತವು. ನೆಲೋರೆಯ ಗಿಡ್ಡ ಬಿಳಿ ರೋಮ ಮತ್ತು ಕಪ್ಪು ಚರ್ಮ ಬಿಸಿಲನ್ನು ತಾಳಿದವು, ಉಣುಗಿನ ಕಾಟವೂ ಅದಕ್ಕೆ ಕಡಿಮೆ. ಹುಟ್ಟಿದ ಕರು ಸುಮಾರು 30 ಕಿಲೋ ಅಷ್ಟೇ ತೂಗುವುದರಿಂದ ವಿಶಾಲ ಬಯಲಿನಲ್ಲಿ ಹಸು ಯಾರ ನೆರವಿಲ್ಲದೆ ಈಯುತ್ತದೆ. ಕರು ಸಾಯದಿರುವುದು, ಹಸು ಮತ್ತೆ ಬೇಗ ಗಬ್ಬವಾಗುವುದು, ಸಾಕುವವನ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ದಾರಿಯಲ್ಲಿ ಅನಾಹುತವೂ ಆಯಿತು. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಸಾಗುತ್ತಿದ್ದ ದನಗಳಿಂದ ಬೆಲ್ಜಿಯಂನಲ್ಲಿ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್ ಹಬ್ಬಿತು. ಪಶುರೋಗಗಳ ಅಂತಾರಾಷ್ಟ್ರೀಯ ಸಂಸ್ಥೆ 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು ಇದರಿಂದಲೇ. ಬ್ರೆಜಿಲ್ ಆಮದು ನಿಲ್ಲಿಸಿತು, ಆದರೆ ಸಾಕುವವರು ಇದ್ದುದನ್ನೇ ಆರಿಸಿ ಬೆಳೆಸಿದರು. 1938ರಿಂದ ವಂಶಾವಳಿಯನ್ನು ದಾಖಲಿಸತೊಡಗಿದರು. 1960ರ ದಶಕದ ಆರಂಭದಲ್ಲಿ ಮತ್ತೆ ಆಂಧ್ರದಿಂದ ಹೋರಿಗಳನ್ನು ತರಿಸಿದರು. ಅವುಗಳಲ್ಲಿ ಪ್ರಸಿದ್ಧವಾದ 'ಕರವಡಿ'ಯದು ಒಂಗೋಲಿನ ಪಕ್ಕದ ಹಳ್ಳಿಯ ಹೆಸರು. ಆಫ್ರಿಕಾ ಮೂಲದ ಬ್ರಾಕಿಯಾರಿಯಾ ಹುಲ್ಲು ಬಡ ಮಣ್ಣಿನಲ್ಲೂ ಮೇವು ಕೊಟ್ಟಿತು. ಇಂದು ಬ್ರೆಜಿಲಿನ 20 ಕೋಟಿಗೂ ಮೀರಿದ ದನಗಳಲ್ಲಿ ಬಹುಪಾಲು ನೆಲೋರೆ ಅಥವಾ ಅದರ ಮಿಶ್ರತಳಿ.

ಈ ಲಾಭವೆಲ್ಲ ಜಾಣ್ಮೆಯಿಂದ ಬಂದದ್ದಲ್ಲ. ಅಲ್ಲಿ ಒಂದು ಹೆಕ್ಟೇರಿಗೆ ಸರಾಸರಿ ಹೆಚ್ಚುಕಡಿಮೆ ಒಂದೇ ದನ. ಅಗ್ಗದ ಭೂಮಿ ಸಿಗುವಾಗ ಇದ್ದ ಹುಲ್ಲುಗಾವಲನ್ನು ಸುಧಾರಿಸುವ ಗೋಜಿಗೆ ಯಾರು ಹೋದಾರು? ಅಮೆಜಾನಿನಲ್ಲಿ ಕಡಿದ ಕಾಡಿನ ಬಹುಭಾಗ ಹುಲ್ಲುಗಾವಲಾಗಿದೆ. ಕಾಡು ಕಡಿದವರಿಂದ ದನ ಕೊಳ್ಳುವುದಿಲ್ಲವೆಂದು ದೊಡ್ಡ ಕಂಪನಿಗಳು 2009ರಲ್ಲಿ ಮಾತು ಕೊಟ್ಟವು. ಆದರೆ ಕರುಗಳು ಕೈಬದಲಾಗಿ ಬರುವಾಗ ಮೂಲ ಹುಡುಕುವುದು ಸುಲಭವಲ್ಲ. ಅರಬ್ ದೇಶಗಳಿಗೆ ಹೋಗುವ ಬ್ರೆಜಿಲ್ ಮಾಂಸದ ಮೇಲೆ ಹಲಾಲ್ ಮುದ್ರೆ ಇರುತ್ತದೆ. ಅದು ಕೊಯ್ದ ಕ್ರಮಕ್ಕೆ ಸಾಕ್ಷಿ, ಮೇಯ್ದ ನೆಲಕ್ಕಲ್ಲ. ಕುರ್‌ಆನ್ 'ಹಲಾಲ್' ಜೊತೆಗೆ 'ತಯ್ಯಿಬ್' ಎಂದೂ ಹೇಳಿರುವುದನ್ನು ಕೊಳ್ಳುವವರು ಗಮನಿಸಬೇಕು.

ಇತ್ತ ತವರಿನಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಒಂಗೋಲು ಎತ್ತಿಗೆ ಕೆಲಸವಿಲ್ಲ. ಅಮೆರಿಕದ ಬ್ರಾಹ್ಮನ್ ತಳಿಗೆ ರಕ್ತ ಕೊಟ್ಟ ನಮ್ಮ ಬೆಳಗಾವಿ, ವಿಜಯಪುರ ಸೀಮೆಯ ಕೃಷ್ಣಾ ಕಣಿವೆ ತಳಿಯದೂ ಇದೇ ಗತಿ. ಬ್ರೆಜಿಲಿನಲ್ಲಾದರೋ 2023ರ ಹರಾಜಿನಲ್ಲಿ ಒಂದು ನೆಲೋರೆ ಹಸುವಿಗೆ 40 ಲಕ್ಷ ಡಾಲರಿಗೂ ಮೀರಿದ ಬೆಲೆ ಕಟ್ಟಿದರು.